ನೀರುನಾಯಿಯ ಎಡಗಾಲು

ನನ್ನ ತರಗತಿಯಲ್ಲಿ ಕಲಿತ ಕಮಲಾಕ್ಷಿ ನನ್ನಿಂದ ಒಂದು ಪುಟ ಕೇಳಿದ್ದಾಳೆ. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ಟ್ರು ತೀರಿಕೊಂಡು ತಿಂಗಳಾಯಿತು. ಅವರ ಹಳೆಯ ಶಿಷ್ಯರೆಲ್ಲ ಸೇರಿ ಅವರ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. "ಟೀಚರ್, ಅವರನ್ನು ನಿಮ್ಮಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರುಂಟು? ನಿಮಗೆ ಎಂತ ನೆನಪಾಗ್ತದೋ ಅದನ್ನೇ ಬರೆಯಿರಿ, ಒಂದು ಪುಟ ಸಾಕು" ಎಂದಳು. ನನಗೆ ನೆನಪಾಗುವುದು ತೆಂಗಿನೆಣ್ಣೆ. ಅದನ್ನು ಆ ಹುಡುಗಿಯ ಮುಖ ನೋಡಿಕೊಂಡು ಹೇಳಲು ಆಗಲಿಲ್ಲ.

ಮಂಗಳೂರಿನಲ್ಲಿ ಹುಟ್ಟಿ ಬೆಳೆದು ತೆಂಗಿನೆಣ್ಣೆಗೆ ಹೇಸುವವಳು ನಾನೊಬ್ಬಳೇ ಇರಬೇಕು. ನಮ್ಮ ಮನೆಯಲ್ಲಿ ಮೀನು ಕಾಯಿಸುವುದೂ ಅದರಲ್ಲೇ, ತಲೆಗೆ ಹಚ್ಚುವುದೂ ಅದನ್ನೇ. ಯಾರಾದರೂ ಸೀಸೆಯ ಮುಚ್ಚಳ ತೆಗೆದರೆ ಸಾಕು, ಮೂಗಿಗೆ ಸೆರಗು ಹಿಡಿದು ಹೊರಗೆ ಹೋಗುತ್ತೇನೆ. "ನೀನು ಯಾವ ಅರಮನೆಯವಳು ಮಾರಾಯ್ತಿ?" ಎಂದು ಅತ್ತಿಗೆ ಕುಟುಕುತ್ತಾಳೆ. ಹದಿನಾರು ವರ್ಷದಿಂದ ನನ್ನ ತಲೆಗೆ ಎಳ್ಳೆಣ್ಣೆ. ಕಾರಣ ಕೇಳಿದವರಿಗೆ ಶೀತವಾಗುತ್ತದೆ ಎನ್ನುತ್ತೇನೆ. ನಿಜವಾದ ಕಾರಣ ಆ ಮಾಸ್ಟ್ರು.

ನೋಡಲು ಅಚ್ಚುಕಟ್ಟಾದ ಮನುಷ್ಯ. ಕುತ್ತಿಗೆಯವರೆಗೆ ಗುಂಡಿ ಹಾಕಿದ ಮುಚ್ಚುಕೋಟು, ಕಪ್ಪು ಟೊಪ್ಪಿ, ಸಪೂರ ಬೆರಳುಗಳು. ಕೋಟಿನ ಎಡಗಿಸೆಯಲ್ಲಿ ಯಾವಾಗಲೂ ಪೆಪ್ಪರಮಿಂಟು. ಶಾಲೆಯ ಗೇಟಿನಲ್ಲಿ ಅವರ ಟೊಪ್ಪಿ ಕಂಡರೆ ನನ್ನ ಚಿಕ್ಕ ತರಗತಿಯ ಮಕ್ಕಳು ಸ್ಲೇಟು ಬಿಸಾಡಿ ಓಡುತ್ತಿದ್ದರು. ಮಾಸ್ಟ್ರು ಬಗ್ಗಿ ಕುಳಿತು ಅಳಿಲಿನ ಹಾಗೆ ಚಿಟಗುಡುತ್ತಿದ್ದರು, ಕಪ್ಪೆಯ ಹಾಗೆ ಕೆನ್ನೆ ಉಬ್ಬಿಸುತ್ತಿದ್ದರು. ಪ್ರತಿಯೊಂದು ಮಗುವಿನ ಕೆನ್ನೆಯನ್ನೂ ಎರಡು ಬೆರಳಿನಲ್ಲಿ ಹಿಡಿದು "ಮುದ್ದು, ಮುದ್ದು" ಎನ್ನುತ್ತಿದ್ದರು. ಅವರಿಗೊಂದು ಅಭ್ಯಾಸವಿತ್ತು. ಬಾವಿಕಟ್ಟೆಯಲ್ಲಿ ಸಾಬೂನು ಹಾಕಿ ಕೈ ತೊಳೆದುಕೊಂಡ ಮೇಲೆ ಹತ್ತು ಬೆರಳುಗಳನ್ನೂ ಒಂದೊಂದಾಗಿ ಮೂಗಿನ ಹತ್ತಿರ ತಂದು ಮೂಸಿ ನೋಡುತ್ತಿದ್ದರು. ಮೊದಮೊದಲು ಅದು ನನಗೆ ತಮಾಷೆಯಾಗಿ ಕಾಣುತ್ತಿತ್ತು.

ಅವರ ಹೆಸರು ಊರಿಗೆಲ್ಲ ಗೊತ್ತಾದದ್ದು ಬೊಂಬೆಗಳಿಂದ. ಆ ಕಾಲದಲ್ಲಿ ನಮ್ಮ ಪೇಟೆಯ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ಹಡಗಿನಲ್ಲಿ ಸೀಮೆಯಿಂದ ಬಂದ ತಗಡಿನ ಕರಡಿ, ಕೀಲಿ ಕೊಟ್ಟರೆ ಕುಣಿಯುವ ಮಂಗ. "ಇಲ್ಲಿಯ ಮಕ್ಕಳಿಗೆ ಇಲ್ಲಿಯ ಪ್ರಾಣಿ ಬೇಡವಾ ಟೀಚರ್? ಅಂಗಳದಲ್ಲಿ ಕೂತ ಕಪ್ಪೆಯ ಕಾಲಿಗೆ ಎಷ್ಟು ಬೆರಳು ಉಂಟು ಅಂತ ಇವರಲ್ಲಿ ಒಬ್ಬನಿಗಾದರೂ ಗೊತ್ತುಂಟಾ?" ಎಂದು ಕೇಳಿದ್ದರು. ಮಾತು ಸರಿಯಾಗಿಯೇ ಇತ್ತು. ಪರಿಚಯದ ಹಂಚಿನ ಕಾರ್ಖಾನೆಯಿಂದ ಜೇಡಿಮಣ್ಣು ತಂದು ಬೊಂಬೆ ಮಾಡಿ, ಹಂಚಿನ ಜೊತೆಗೇ ಅಲ್ಲಿಯ ಗೂಡಿನಲ್ಲಿ ಸುಡಿಸಿ ತರುತ್ತಿದ್ದರು. ಕಪ್ಪೆ, ಅಳಿಲು, ಏಡಿ, ಮಿಂಚುಳ್ಳಿ, ಮುಂಗುಸಿ. ಒಂದೊಂದರ ಜೊತೆಗೂ ಒಂದು ಚೀಟಿ: ಇದು ಎಲ್ಲಿ ಇರುತ್ತದೆ, ಎಂತ ತಿನ್ನುತ್ತದೆ, ಹೇಗೆ ಕೂಗುತ್ತದೆ. ಮೈಯೆಲ್ಲ ತದ್ರೂಪ, ಮುಖ ಮಾತ್ರ ಅವರದೇ ಸೃಷ್ಟಿ. ಕಣ್ಣು ಎರಡರಷ್ಟು ದೊಡ್ಡದು, ಕೆನ್ನೆ ಗುಂಡಗೆ, ತುಟಿಯಲ್ಲಿ ಒಂದು ನಗು. ಕಪ್ಪೆಗೂ ರೆಪ್ಪೆಗೂದಲು. ಆ ರೆಪ್ಪೆಗೂದಲು ಬರೆದವಳು ನಾನು.

ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರ ಮಣ್ಣಿನ ಕಪ್ಪೆ ತರಗತಿಗೆ ಬಂದ ಮೇಲೆ ನಮ್ಮ ಮಕ್ಕಳು ನಿಜವಾದ ಕಪ್ಪೆಗೆ ಕಲ್ಲು ಹೊಡೆಯುವುದನ್ನು ಬಿಟ್ಟರು. ಇದು ನಾನು ಕಣ್ಣಾರೆ ಕಂಡದ್ದು. ಅದಕ್ಕೇ ನಾನು ಎರಡು ವರ್ಷ ಅವರ ಜೊತೆ ಕೆಲಸ ಮಾಡಿದೆ. ಶನಿವಾರ ಬೆಳಿಗ್ಗೆ ನಂತೂರು ಗುಡ್ಡೆ ಹತ್ತಿ, ಗೇರುಮರಗಳ ನಡುವೆ ಇದ್ದ ಅವರ ಮನೆಯ ಹಿಂದಿನ ಕೊಟ್ಟಿಗೆಗೆ ಹೋಗುತ್ತಿದ್ದೆ. ಬಣ್ಣದ ಕೆಲಸ ನನ್ನದು ಎಂದು ಹೋದವಳಿಗೆ ಮೆಲ್ಲನೆ ಇನ್ನೊಂದು ಕೆಲಸವೂ ಅಂಟಿಕೊಂಡಿತು.

ಬೊಂಬೆಯ ಮೈ ಅಷ್ಟು ತದ್ರೂಪವಾಗಿ ಇರುತ್ತಿದ್ದದ್ದು ಹೇಗೆ ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಕೊಟ್ಟಿಗೆಯ ಮೇಜಿನ ಮೇಲೆ ಸತ್ತ ಪ್ರಾಣಿಯನ್ನು ಮಲಗಿಸಿ, ಕಾಲುಗಳನ್ನು ಸೂಜಿಯಿಂದ ಹಲಗೆಗೆ ಚುಚ್ಚಿ ಹರಡಿ, ಮೇಲೆ ಬಿಳಿ ಪ್ಲಾಸ್ಟರ್ ಕಲಸಿ ಸುರಿಯುತ್ತಿದ್ದರು. ಗಟ್ಟಿಯಾದ ಮೇಲೆ ಮಗುಚಿ ಹೊಟ್ಟೆಯ ಕಡೆಗೂ ಸುರಿದು, ಒಡೆಯದೆ ಬಿಡಿಸಿದರೆ ಎರಡು ಹೋಳಿನ ಅಚ್ಚು ಸಿಗುತ್ತದೆ. ಅಚ್ಚಿನಲ್ಲಿ ಜೇಡಿಮಣ್ಣು ಒತ್ತಿ ತೆಗೆದರೆ ಬೊಂಬೆ. ರೋಮಕ್ಕೆ ಪ್ಲಾಸ್ಟರ್ ಅಂಟಬಾರದಲ್ಲ, ಅದಕ್ಕೆ ಮೊದಲು ಮೈಗೆಲ್ಲ ತೆಂಗಿನೆಣ್ಣೆ ಹಚ್ಚಬೇಕು. ರೋಮದ ಬುಡಕ್ಕೆ ಇಳಿಯುವ ಹಾಗೆ, ಬೆರಳಿನ ಸಂದಿಗೆ, ಕಿವಿಯ ಒಳಗೆ. "ನಿಮ್ಮ ಕೈ ಮೆತ್ತಗೆ ಉಂಟು ಟೀಚರ್, ನೀವೇ ಹಚ್ಚಿ" ಎನ್ನುತ್ತಿದ್ದರು. ಹಚ್ಚುತ್ತಿದ್ದೆ.

"ಇದು ಎಲ್ಲಿ ಸಿಕ್ಕಿತು ಮಾಸ್ಟ್ರೇ?" ಎಂದು ಮೊದಲ ದಿನ ಕೇಳಿದ್ದೆ.

"ದಾರಿಯಲ್ಲಿ ಸತ್ತು ಬಿದ್ದಿತ್ತು. ಸತ್ತದ್ದನ್ನು ಮಕ್ಕಳ ಉಪಯೋಗಕ್ಕೆ ತಂದರೆ ಪುಣ್ಯ ಅಲ್ವಾ?"

ಪ್ರತಿಸಲವೂ ದಾರಿಯಲ್ಲೇ ಸತ್ತು ಬೀಳುತ್ತಿದ್ದವು. ಅವರು ಬಜಪೆಗೆ ನೆಂಟರ ಮನೆಗೆ ಹೋದರೆ ಅಲ್ಲಿಯೂ ದಾರಿಯಲ್ಲಿ ಒಂದು ಮುಂಗುಸಿ. ಮೈಮೇಲೆ ಒಂದು ಗಾಯವಿಲ್ಲ, ಒಂದು ಇರುವೆ ಹತ್ತಿರುವುದಿಲ್ಲ. ಒಮ್ಮೆ ನಾನು ಎಣ್ಣೆ ಹಚ್ಚಲು ಎತ್ತಿಕೊಂಡ ಅಳಿಲು ಇನ್ನೂ ಬೆಚ್ಚಗಿತ್ತು. ನಾನು ಅವರ ಮುಖ ನೋಡಿದೆ. ಅವರು ಪ್ಲಾಸ್ಟರ್ ಕಲಸುತ್ತಾ "ಬಿಸಿಲಿನಲ್ಲಿ ಇತ್ತು" ಎಂದರು. ನಾನು ಎಣ್ಣೆಯ ಗಿಂಡಿ ಎತ್ತಿಕೊಂಡೆ. ನನ್ನ ತರಗತಿಯನ್ನು ನೋಡಲು ಬೇರೆ ಶಾಲೆಗಳ ಟೀಚರುಗಳು ಬರುತ್ತಿದ್ದ ದಿನಗಳವು, ಹೆಡ್‌ಮಿಸ್ಟ್ರೆಸ್ ಎಲ್ಲರ ಮುಂದೆ ನನ್ನನ್ನು ಹೊಗಳುತ್ತಿದ್ದರು. ಹೊಗಳಿಕೆ ತಿಂದ ಬಾಯಿ ಪ್ರಶ್ನೆ ಕೇಳುವುದಿಲ್ಲ.

ಪ್ಲಾಸ್ಟರಿಗೆ ಒಂದು ಗುಣವುಂಟು. ಗಟ್ಟಿಯಾಗುವಾಗ ಅದು ತಾನಾಗಿ ಬಿಸಿಯಾಗುತ್ತದೆ. ಅವರು ನನ್ನ ಕೈ ಹಿಡಿದು ಆ ಬಿಳಿ ಮುದ್ದೆಯ ಮೇಲೆ ಇರಿಸಿ "ನೋಡಿ ಟೀಚರ್, ಜೀವ ಬಂತು!" ಎಂದು ಕಿಲಕಿಲ ನಗುತ್ತಿದ್ದರು. ಇದೊಂದು ತಮಾಷೆಯನ್ನು ಎರಡು ವರ್ಷದಲ್ಲಿ ಎಷ್ಟು ಸಲ ಮಾಡಿದರೋ. ಈಗಲೂ ಬೆಂದ ಬಟಾಟೆಯನ್ನು ಕೈಯಲ್ಲಿ ಹಿಡಿದರೆ ಅದೇ ನೆನಪಾಗಿ ಕೆಳಗೆ ಹಾಕಿಬಿಡುತ್ತೇನೆ.

ಜೀವ ಇರುವ ಪ್ರಾಣಿಯನ್ನು ಅವರು ಕಣ್ಣೆತ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಒಂದು ದಿನ ಅವರ ಬಾವಿಯ ರಾಟೆಯ ಮೇಲೆ ಮಿಂಚುಳ್ಳಿ ಬಂದು ಕುಳಿತಿತ್ತು. ನೀಲಿ ಬಣ್ಣ ಬೆಳಗ್ಗಿನ ಬಿಸಿಲಿಗೆ ಹೊಳೆಯುತ್ತಿತ್ತು. "ಮಾಸ್ಟ್ರೇ, ನೋಡಿ ನೋಡಿ" ಎಂದೆ. ಅವರು ತಲೆ ಎತ್ತದೆ ಮಣ್ಣಿನ ಮಿಂಚುಳ್ಳಿಯ ಕೊಕ್ಕು ತೀಡುತ್ತಾ, "ಅದು ಕೂತಲ್ಲಿ ಕೂರುವುದಿಲ್ಲ ಮಾರಾಯ್ರೆ. ಅದರಿಂದ ಎಂತ ಕಲಿಯುವುದು?" ಎಂದರು. ಜೀವ ಇರುವುದು ಕಚ್ಚುತ್ತದೆ, ಹೇತುಹಾಕುತ್ತದೆ, ಓಡಿಹೋಗುತ್ತದೆ. ಅದು ಅವರಿಗೆ ಅಸಹ್ಯ. ನನಗೆ ಅಸಹ್ಯವಾಗಬೇಕಾದದ್ದು ಬೇರೆಯೇ ಇತ್ತು, ಆದರೆ ಆಗ ಆಗಲಿಲ್ಲ.

ಕೆಲಸದಲ್ಲಿಯೂ ಅವರದೊಂದು ಸೂತ್ರ. ಬೊಂಬೆಯ ಮುಖಕ್ಕೆ ಎರಡು ದಿನ ತೀಡುವ ಮನುಷ್ಯ ಅಡಿಭಾಗವನ್ನು ಅಚ್ಚಿನಿಂದ ಬಂದ ಹಾಗೆಯೇ ಬಿಟ್ಟುಬಿಡುತ್ತಿದ್ದರು. ಹೊಟ್ಟೆ, ಅಂಗಾಲು, ಬಾಲದ ಕೆಳಗೆ ಎಲ್ಲ ಒರಟು. ಸ್ವಲ್ಪ ನಯ ಮಾಡಬಾರದೇ ಎಂದು ಕೇಳಿದರೆ, "ನೆಲಕ್ಕೆ ತಾಗುವ ಭಾಗ ಯಾರು ನೋಡ್ತಾರೆ?" ಎನ್ನುತ್ತಿದ್ದರು. ಮಕ್ಕಳ ಬಗ್ಗೆ ಅವರಿಗೆ ಎಷ್ಟು ಗೊತ್ತಿತ್ತು ಎನ್ನುವುದಕ್ಕೆ ಈ ಒಂದು ಮಾತು ಸಾಕು. ಮಗುವಿನ ಕೈಗೆ ಯಾವ ಸಾಮಾನು ಕೊಟ್ಟರೂ ಅದು ಮೊದಲು ಮಗುಚಿ ನೋಡುತ್ತದೆ.

ಆ ವರ್ಷ ಮಳೆಗಾಲ ಕಳೆದ ಮೇಲೆ ಕೂಳೂರಿನಿಂದ ಶಾಲೆಯ ಕಡೆಗೆ ಮೀನು ತರುತ್ತಿದ್ದ ಹೆಂಗಸು ಬುಟ್ಟಿಯಲ್ಲಿ ಒಂದು ನೀರುನಾಯಿ ಮರಿಯನ್ನು ತಂದಳು. ಹೊಳೆಯಲ್ಲಿ ಬಲೆಗೆ ಸಿಕ್ಕಿಬಿದ್ದಿತ್ತಂತೆ. ಬಲೆಯ ನೂಲು ಎಡ ಹಿಂಗಾಲಿನ ಬೆರಳುಗಳ ನಡುವಿನ ತೊಗಲನ್ನು ಕೊಯ್ದು ಸೀಳಿಬಿಟ್ಟಿತ್ತು. "ಕೊಲ್ಲಲಿಕ್ಕೆ ಮನಸ್ಸು ಬರಲಿಲ್ಲ ಟೀಚರಮ್ಮ. ಗಾಯ ಒಣಗುವವರೆಗೆ ಇಟ್ಟುಕೊಳ್ಳಿ, ಆಮೇಲೆ ನಾನೇ ಹೊಳೆಗೆ ಬಿಡ್ತೇನೆ" ಎಂದಳು. ತರಗತಿಯ ಹಿಂದೆ ದನಕ್ಕೆ ನೀರಿಡುವ ಹಳೆಯ ಮರಿಗೆಯೊಂದು ಇತ್ತು. ಅದರಲ್ಲಿ ನೀರು ತುಂಬಿಸಿದೆವು. ಮಕ್ಕಳು ಅದಕ್ಕೆ ಬಾಲೆ ಎಂದು ಹೆಸರಿಟ್ಟರು. ತುಳುವಿನಲ್ಲಿ ಬಾಲೆ ಎಂದರೆ ಕೂಸು.

ಮೂರು ವಾರ ನನ್ನ ತರಗತಿ ಬಾಲೆಯದಾಗಿತ್ತು. ಅದು ಸಿಳ್ಳೆ ಹಾಕುತ್ತಿತ್ತು, ಮಕ್ಕಳೂ ಸಿಳ್ಳೆ ಹಾಕುತ್ತಿದ್ದರು. ಮೀನನ್ನು ಎರಡು ಕೈಯಲ್ಲಿ ಹಿಡಿದು ತಲೆಯಿಂದ ತಿನ್ನುತ್ತಿತ್ತು. ಗಬ್ಬು ನಾರುತ್ತಿತ್ತು, ನನ್ನ ಸೀರೆಯ ಅಂಚು ಕಚ್ಚಿ ಹರಿಯಿತು. ನಾನು ಎರಡು ವರ್ಷ ಬೊಂಬೆಗಳಿಂದ ಕಲಿಸಿದ್ದಕ್ಕಿಂತ ಹೆಚ್ಚು ಪ್ರಕೃತಿ ಪಾಠವನ್ನು ಆ ಮರಿಗೆಯ ನೀರು ಕಲಿಸಿತು. ಗಾಯ ಒಣಗಿತು, ಸೀಳು ಮಾತ್ರ ಕೂಡಿಕೊಳ್ಳಲಿಲ್ಲ. ಶನಿವಾರ ನಾನೂ ಮೀನಿನ ಹೆಂಗಸೂ ಸೇರಿ ಅದನ್ನು ಹೊಳೆಗೆ ಬಿಟ್ಟುಬರುವುದೆಂದು ಮಕ್ಕಳಿಗೆ ಮಾತು ಕೊಟ್ಟೆ. ಆರು ವರ್ಷದ ಕಮಲಾಕ್ಷಿ ತೇಗದ ಎಲೆಯಲ್ಲಿ ಒಂದು ಸಣ್ಣ ಮೀನು ಕಟ್ಟಿ ತಂದು ನನ್ನ ಕೈಯಲ್ಲಿ ಇಟ್ಟಳು. "ಟೀಚರ್, ದಾರಿಗೆ ಬುತ್ತಿ."

ಶುಕ್ರವಾರ ಶಾಲೆ ಬಿಟ್ಟ ಮೇಲೆ ಮಾಸ್ಟ್ರು ಬಂದರು.

"ಟೀಚರ್, ಇದನ್ನು ಒಂದು ದಿನಕ್ಕೆ ಕೊಡಿ. ಅಳತೆ ತೆಗೆದು ಕೊಡ್ತೇನೆ."

"ನಾಳೆ ಬೆಳಿಗ್ಗೆ ಹೊಳೆಗೆ ಬಿಡ್ಲಿಕ್ಕುಂಟು ಮಾಸ್ಟ್ರೇ. ಮಕ್ಕಳಿಗೆ ಹೇಳಿದ್ದೇನೆ."

"ಬೆಳಿಗ್ಗೆ ನೀವೇ ಬಂದು ಕೊಂಡುಹೋಗಿ, ಯಾರು ಬೇಡ ಅಂದದ್ದು? ಬರುವ ತಿಂಗಳು ಶಾಲೆ ನೋಡಲಿಕ್ಕೆ ಇನ್ಸ್‌ಪೆಕ್ಟರ್ ಬರ್ತಾರೆ. ನೀರುನಾಯಿಯ ಬೊಂಬೆ ಈ ಜಿಲ್ಲೆಯಲ್ಲಿ ಯಾರ ಹತ್ತಿರವೂ ಇಲ್ಲ. ನಿಮ್ಮ ತರಗತಿಯಲ್ಲೇ ಮೊದಲು."

ನಾನು ಬುಟ್ಟಿ ಕೊಟ್ಟೆ. ಎರಡು ವರ್ಷ ಎಣ್ಣೆ ಹಚ್ಚಿದ ಕೈಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಕೊಟ್ಟೆ. ಬಾಲೆ ಬುಟ್ಟಿಯ ಒಳಗಿನಿಂದ ಸಿಳ್ಳೆ ಹಾಕುತ್ತಾ ಹೋಯಿತು.

ಶನಿವಾರ ಹೊತ್ತೇರುವ ಮೊದಲೇ ಗುಡ್ಡೆ ಹತ್ತಿದೆ. ಬಾಲೆ ಮೇಜಿನ ಮೇಲೆ ಬೋರಲಾಗಿ ಮಲಗಿತ್ತು, ಹಿಂಗಾಲುಗಳು ಎರಡು ಬದಿಗೆ ಹರಡಿ, ಸೂಜಿ ಚುಚ್ಚಿಸಿಕೊಂಡು. ಮೈ ಒದ್ದೆಯಾಗಿತ್ತು. ಮಾಸ್ಟ್ರು ಪ್ಲಾಸ್ಟರ್ ಜರಡಿ ಹಿಡಿಯುತ್ತಿದ್ದರು.

"ಗುರುತು ಬೀಳಬಾರದಲ್ಲ, ಅದಕ್ಕೆ ಗೋಣಿಯಲ್ಲಿ ಕಟ್ಟಿ ಮಣ್ಣು ನೆನೆಸುವ ತೊಟ್ಟಿಯಲ್ಲಿ ಇಳಿಸಿದೆ" ಎಂದರು, ಅನ್ನಕ್ಕೆ ನೀರು ಇಟ್ಟೆ ಎನ್ನುವ ಹಾಗೆ. "ಈಜುವ ಪ್ರಾಣಿ ನೋಡಿ. ತುಂಬಾ ಹೊತ್ತು ತೆಗೆದುಕೊಂಡಿತು ಮಾರಾಯ್ರೆ." ಆಮೇಲೆ ಎಣ್ಣೆಯ ಗಿಂಡಿಯನ್ನು ನನ್ನ ಕಡೆಗೆ ಸರಿಸಿದರು. "ಹಚ್ಚಿ. ಮೈ ಸೆಟೆದರೆ ಮತ್ತೆ ಬೆರಳು ಬಿಡಿಸಲಿಕ್ಕೆ ಬರುವುದಿಲ್ಲ."

ಇಲ್ಲಿಯವರೆಗೆ ಓದಿದವರು ನಾನು ಆ ಗಿಂಡಿಯನ್ನು ಅವರ ಮುಖಕ್ಕೆ ಎಸೆದೆ ಎಂದುಕೊಂಡರೆ, ಇಲ್ಲ. ನಾನು ಹಚ್ಚಿದೆ. ತಲೆಯಿಂದ ಬಾಲದವರೆಗೆ ಹಚ್ಚಿದೆ, ಸೀಳಿದ ತೊಗಲಿನ ಎರಡು ಅಂಚಿಗೂ ಹಚ್ಚಿದೆ. ಕೆಲಸ ಕೆಡಲಿಲ್ಲ. ಪ್ಲಾಸ್ಟರ್ ಬಿಸಿಯಾದಾಗ ಅವರು ನನ್ನ ಕೈಗಾಗಿ ಕೈ ಚಾಚಿದರು. ನಾನು ಎದ್ದು ಹೊರಗೆ ಬಂದು ಗೇರುಮರದ ಬುಡದಲ್ಲಿ ವಾಂತಿ ಮಾಡಿದೆ. ಸೆರಗಿನ ಗಂಟಿನಲ್ಲಿ ಕಮಲಾಕ್ಷಿಯ ಬುತ್ತಿ ಇತ್ತು. ಅದನ್ನು ಬೇಲಿಯಾಚೆ ಎಸೆದು ಗುಡ್ಡೆ ಇಳಿದೆ. ಮತ್ತೆ ಆ ಮನೆಯ ಕಡೆಗೆ ಹೋಗಲಿಲ್ಲ. ಮೀನಿನ ಹೆಂಗಸಿಗೆ ಮರಿ ತಾನಾಗಿ ಓಡಿಹೋಯಿತು ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಬುಟ್ಟಿ ಹೊತ್ತುಕೊಂಡು ಹೋದಳು.

ಸೋಮವಾರ ಮಕ್ಕಳು ಸುತ್ತ ನಿಂತರು. "ಬಾಲೆ ಹೋಯಿತಾ ಟೀಚರ್? ತಿರುಗಿ ನೋಡಿತಾ?"

"ನೋಡಿತು" ಎಂದೆ.

"ಬುತ್ತಿ ತಿಂದಿತಾ?"

"ತಿಂದಿತು."

ಇನ್ಸ್‌ಪೆಕ್ಟರು ಬರುವ ಎರಡು ದಿನ ಮೊದಲು ಬೊಂಬೆ ಬಂತು. ಬಣ್ಣ ಅವರೇ ಹಚ್ಚಿದ್ದರು. ದುಂಡು ಕೆನ್ನೆ, ದೊಡ್ಡ ಕಣ್ಣು, ತುಟಿಯಲ್ಲಿ ಅದೇ ನಗು. ಬಾಲೆ ಬದುಕಿದ್ದಾಗ ಎಂದೂ ಹಾಗೆ ನಕ್ಕಿರಲಿಲ್ಲ. ಮಕ್ಕಳು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಮುದ್ದಾಡಿದರು. ಕಮಲಾಕ್ಷಿಯ ಸರದಿ ಬಂದಾಗ ಅವಳು ಅದನ್ನು ಮಗುಚಿದಳು. ಅಂಗಾಲಿನ ಮೇಲೆ ಬೆರಳು ಎಳೆದಳು. ಬೆರಳು ಒಂದು ಕಡೆ ನಿಂತಿತು.

"ಟೀಚರ್, ಇದರ ಕಾಲೂ ಹರಿದಿದೆ. ನಮ್ಮ ಬಾಲೆಯ ಹಾಗೆ."

ಪ್ಲಾಸ್ಟರ್ ಏನನ್ನೂ ಬಿಡುವುದಿಲ್ಲ. ಎಡ ಹಿಂಗಾಲಿನ ಕೊನೆಯ ಎರಡು ಬೆರಳುಗಳ ನಡುವೆ ಆ ಸೀಳು, ನಾನು ಎಣ್ಣೆ ಹಚ್ಚಿದ ಅದರ ಎರಡು ಅಂಚು, ಎಲ್ಲವೂ ಕೆಂಪು ಮಣ್ಣಿನಲ್ಲಿ ಸುಟ್ಟು ಗಟ್ಟಿಯಾಗಿ ಕುಳಿತಿತ್ತು. ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು. ಬಾಗಿಲಲ್ಲಿ ಮಾಸ್ಟ್ರು ಪೆಪ್ಪರಮಿಂಟು ಹಿಡಿದು ನಿಂತಿದ್ದರು. ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಜೀವಮಾನದಲ್ಲಿ ಸಿಕ್ಕಿಲ್ಲ.

"ಎಲ್ಲ ನೀರುನಾಯಿಗಳ ಎಡಗಾಲೂ ಹಾಗೇ ಇರ್ತದೆ ಮಗಾ" ಎಂದೆ. "ದೇವರು ಹಾಗೆ ಮಾಡಿದ್ದು. ನೀರಿನಲ್ಲಿ ತಿರುಗಲಿಕ್ಕೆ ಸುಲಭ ಆಗಲಿ ಅಂತ."

ಮಕ್ಕಳು ನಂಬಿದರು. ಟೀಚರ್ ಹೇಳಿದ್ದನ್ನು ನಂಬದೆ ಏನು ಮಾಡುತ್ತಾರೆ? ಇನ್ಸ್‌ಪೆಕ್ಟರು ಬಂದಾಗ ಕಮಲಾಕ್ಷಿ ಎದ್ದುನಿಂತು ನೀರುನಾಯಿಯ ಎಡಗಾಲಿನ ಸೀಳನ್ನು ವಿವರಿಸಿದಳು. ಅವರು ತಲೆದೂಗಿ "ಎಂಥ ಸೂಕ್ಷ್ಮ ದೃಷ್ಟಿ!" ಎಂದರು. ಮಾಸ್ಟ್ರು ಮರುದಿನವೇ ಚೀಟಿಗೆ ಒಂದು ಸಾಲು ಸೇರಿಸಿದರು: ಎಡ ಹಿಂಗಾಲಿನ ತೊಗಲಿನಲ್ಲಿ ಸೀಳು ಇರುತ್ತದೆ. ಸೇರಿಸಿ, ನನ್ನ ಹತ್ತಿರ ಬಂದು ಮೆಲ್ಲನೆ, "ಟೀಚರ್, ನೀವು ನನ್ನನ್ನೂ ಮೀರಿಸಿದಿರಿ" ಎಂದು ನಕ್ಕರು. ಅವರು ನನಗೆ ಕೊಟ್ಟ ಹೊಗಳಿಕೆಗಳಲ್ಲಿ ಪೂರಾ ನಿಜವಾದದ್ದು ಅದೊಂದೇ. ಆ ಅಚ್ಚಿನಿಂದ ಎಷ್ಟೋ ಬೊಂಬೆಗಳು ಬಂದವು, ಜಿಲ್ಲೆಯ ಶಾಲೆಶಾಲೆಗೆ ಹೋದವು. ಎಲ್ಲದರ ಎಡಗಾಲೂ ಸೀಳಿದ್ದೇ.

ಇಗರ್ಜಿಯಲ್ಲಿ ಪಾಪನಿವೇದನೆ ಮಾಡುವಾಗ ಮಕ್ಕಳಿಗೆ ಒಂದು ಸುಳ್ಳು ಹೇಳಿದೆ ಎಂದೆ. ಯಾವ ಸುಳ್ಳು ಎಂದು ಪಾದ್ರಿಗಳು ಕೇಳಲಿಲ್ಲ. ಪ್ರಾರ್ಥನೆಗಳನ್ನು ವಿಧಿಸಿ ಕಳುಹಿಸಿದರು. ಆಮೇಲೆ ಹದಿನೈದು ವರ್ಷ ಅದೇ ಮಾಸ್ಟ್ರ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಕಾಫಿ ಕುಡಿದಿದ್ದೇನೆ. ಅವರು ಬೆರಳು ಮೂಸಿದಾಗಲೆಲ್ಲ ನಾನು ಮುಖ ತಿರುಗಿಸುತ್ತಿದ್ದೆ. ಮಕ್ಕಳ ಕೆನ್ನೆ ಹಿಂಡುವಾಗ ಮೈ ಉರಿಯುತ್ತಿತ್ತು. ಆದರೆ ಬಾಯಿ ಬಿಡಲಿಲ್ಲ. ಅವರು ತಮ್ಮ ಕೈಯನ್ನು ಬಾವಿಕಟ್ಟೆಯಲ್ಲಾದರೂ ತೊಳೆಯುತ್ತಿದ್ದರು. ನನ್ನದು ಅದೂ ಇಲ್ಲ.

ಕಳೆದ ವರ್ಷ ಕಣ್ಣು ಮಂಜಾಗಿ ನಾನು ಕೆಲಸ ಬಿಟ್ಟೆ. ನನ್ನ ತರಗತಿ ಈಗ ಕಮಲಾಕ್ಷಿಯದು. ಪುಟ ಕೇಳಲು ಬಂದವಳು ಚೀಲದಿಂದ ಆ ನೀರುನಾಯಿಯನ್ನೇ ತೆಗೆದು ನನ್ನ ಮೇಜಿನ ಮೇಲಿಟ್ಟಳು, ನೋಡಿದರೆ ನೆನಪು ಬರಲಿ ಎಂದು. ಕೆನ್ನೆಯ ಬಣ್ಣ ಹೋಗಿದೆ. ನಗು ಹೋಗಿಲ್ಲ.

"ನೀವು ಹೇಳಿಕೊಟ್ಟದ್ದನ್ನೇ ನಾನೂ ಹೇಳಿಕೊಡ್ತೇನೆ ಟೀಚರ್" ಎಂದಳು. "ಆದರೆ ಈಗಿನ ಮಕ್ಕಳಿಗೆ ಅಹಂಕಾರ ಉಂಟು. ಕೂಳೂರಿನ ಒಬ್ಬಳು ಮೀನಿನವರ ಹುಡುಗಿ, ಹೊಳೆಯಲ್ಲಿ ದಿನಾ ನೀರುನಾಯಿ ನೋಡ್ತೇನೆ, ಅದರ ಕಾಲು ಹರಿದಿಲ್ಲ ಅಂತ ವಾದ ಮಾಡ್ತಾಳೆ. ನಾನು ಬಿಡ್ಲಿಲ್ಲ. ಒಪ್ಪಿಕೊಳ್ಳುವವರೆಗೆ ಪ್ರಕೃತಿ ಪಾಠದ ಹೊತ್ತಿಗೆ ಬೆಂಚಿನ ಮೇಲೆ ನಿಲ್ಲು ಅಂದೆ. ಇವತ್ತಿಗೆ ಆರು ದಿನ ಆಯಿತು. ನಿಲ್ತಾಳೆಯೇ ಹೊರತು ಒಪ್ಪುವುದಿಲ್ಲ."

ನಾನು ಅವಳಿಗೆ ಕಾಫಿ ಕೊಟ್ಟೆ. ಒಂದು ಪುಟ ಬರೆದುಕೊಡುತ್ತೇನೆ ಎಂದು ಕಳುಹಿಸಿದೆ. ಹೆಡ್‌ಮಿಸ್ಟ್ರೆಸ್ ಇಲ್ಲ, ಇನ್ಸ್‌ಪೆಕ್ಟರಿಲ್ಲ, ಮಾಸ್ಟ್ರೂ ಸತ್ತಾಗಿದೆ, ಆದರೂ ನಾನು ಬಾಯಿ ಬಿಡಲಿಲ್ಲ. ಆ ರಾತ್ರಿ ನನ್ನ ಮೇಲೆ ನನಗೆ ಬಂದಷ್ಟು ಹೇಸಿಗೆ ಆ ಮನುಷ್ಯನ ಮೇಲೂ ಬಂದಿರಲಿಲ್ಲ.

ಕಮಲಾಕ್ಷಿ, ಪುಟ ಒಂದಕ್ಕಿಂತ ಹೆಚ್ಚಾಯಿತು. ಪುಸ್ತಕಕ್ಕೆ ಸೇರಿಸುವುದೂ ಬಿಡುವುದೂ ನಿನಗೆ ಸೇರಿದ್ದು. ನೀನು ಕೊಟ್ಟ ಬುತ್ತಿಯನ್ನು ಯಾರೂ ತಿನ್ನಲಿಲ್ಲ. ನೀರುನಾಯಿಯ ಕಾಲಿನಲ್ಲಿ ಸೀಳು ಇರುವುದಿಲ್ಲ. ಅದು ಬಾಲೆಯ ಕಾಲು. ನಾಳೆ ಶಾಲೆಗೆ ಹೋದ ಕೂಡಲೇ ಎಲ್ಲ ಮಕ್ಕಳ ಮುಂದೆ ಇದನ್ನು ಹೇಳು, ನಿನ್ನ ಟೀಚರ್ ಸುಳ್ಳು ಹೇಳಿದಳೆಂದೇ ಹೇಳು, ಮತ್ತು ಆ ಹುಡುಗಿಯನ್ನು ಬೆಂಚಿನಿಂದ ಇಳಿಸು.